ಮಂಚ ಹೊರಗಿಡಿ

ಆ ಸಣ್ಣ ಸದ್ದು ಕೇಳಿದಾಗ ರಾತ್ರಿ ಹತ್ತು ಗಂಟೆ ಹನ್ನೆರಡು ನಿಮಿಷವಾಗಿತ್ತು. ಟಕ್, ಅಷ್ಟೇ. ಕೈಯಿಂದ ಹಾಕಿದ ಚಿಲಕ ಮೊದಲು ಕಿರುಗುಟ್ಟಿ ಆಮೇಲೆ ಕೂರುತ್ತದೆ. ತಾನಾಗಿ ಬೀಳುವ ಚಿಲಕ ಕಿರುಗುಟ್ಟುವುದಿಲ್ಲ. ನಮ್ಮೂರಲ್ಲಿ ನಾಲ್ಕು ವರ್ಷದ ಮಕ್ಕಳಿಗೂ ಈ ವ್ಯತ್ಯಾಸ ಗೊತ್ತು. ಬೀದಿಯವರೆಲ್ಲ ಮನೆಯಿಂದ ಹೊರಗೆ ಶಾಲು ಹೊದ್ದು ನಿಂತಿದ್ದೆವು. ಹಿಟ್ಟಿನ ಮಿಲ್ಲಿನ ಸೋಮಣ್ಣ ರೇಡಿಯೊವನ್ನು ಧ್ವನಿವರ್ಧಕಕ್ಕೆ ಸಿಕ್ಕಿಸಿದ್ದ, ಅದರಲ್ಲಿ ಕಬಡ್ಡಿ ಪಂದ್ಯದ ಕೊನೆಯ ಸೀಟಿ ಆಗಷ್ಟೇ ಮುಗಿದಿತ್ತು. ಮೂವತ್ತೆರಡು, ಮೂವತ್ತೊಂದು. ಒಂದು ಅಂಕದಿಂದ ಸೋತಿದ್ದೆವು. ಹಾಗಾಗಿ ಇಡೀ ಊರಿನಲ್ಲಿ ಒಂದೇ ಒಂದು ಬಾಗಿಲು. ಸದ್ದು ಬಂದದ್ದು ನನ್ನ ಎದುರು ಮನೆಯಿಂದ. ಆ ಮನೆಯೊಳಗೆ ಹನ್ನೊಂದು ದಿನದ ಬಾಣಂತಿ ನಳಿನಿ ಮಗುವಿನೊಂದಿಗೆ ಮಲಗಿದ್ದಳು.

ಅವಳ ತಾಯಿ ತಾಯಮ್ಮ ಮಿಲ್ಲಿನ ಮೂಲೆಯಲ್ಲಿ ನಿಂತು ಅಂಕ ಕೇಳುತ್ತಿದ್ದರು. ಅವರು ಓಡಲಿಲ್ಲ. ನಡೆದುಬಂದು, ಬಾಗಿಲಿಗೆ ಅಂಗೈ ಒತ್ತಿ, ಒಮ್ಮೆ ತಳ್ಳಿ ನೋಡಿದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ, "ನಳಿನೀ, ಹಾಲು ಒಲೆ ಮೇಲಿದೆ ಕಣೇ, ಇಳಿಸ್ಕೋ" ಎಂದರು.

ನಮ್ಮ ಕಬಡ್ಡಿ ತಂಡ ಎಷ್ಟು ಅಂಕದಿಂದ ಸೋಲುತ್ತದೋ ಅಷ್ಟು ಮನೆಗಳು ಕೊನೆಯ ಸೀಟಿಗೆ ಮುಚ್ಚಿಕೊಳ್ಳುತ್ತವೆ. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡೂ. ಮತ್ತೆ ಗೆಲ್ಲುವವರೆಗೆ ತೆರೆಯುವುದಿಲ್ಲ. ಯಾವ ಮನೆ ಎಂದು ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ. ಆದ್ದರಿಂದ ಪಂದ್ಯದ ಕೊನೆಯ ಐದು ನಿಮಿಷ ಊರಿಗೆ ಊರೇ ಹೊರಗೆ ಬಂದು ನಿಲ್ಲುವುದು ರೂಢಿ. ಒಲೆ ಆರಿಸಿ, ಒಂದು ಚೀಲದಲ್ಲಿ ಎರಡು ದಿನದ ಬಟ್ಟೆ, ಮಾತ್ರೆ, ಶಾಲೆಯ ಪುಸ್ತಕ ಹಿಡಿದು ನಿಲ್ಲುತ್ತೇವೆ. ಎದ್ದು ಬರಲಾಗದವರನ್ನು ಮಂಚ ಸಮೇತ ಎತ್ತಿ ತರುತ್ತೇವೆ. ಇದಕ್ಕೆಂದೇ ಇಲ್ಲಿನ ಮಂಚಗಳು ಹಗ್ಗದವು, ಇಬ್ಬರು ಹೆಂಗಸರು ಎತ್ತಬಲ್ಲಷ್ಟು ಹಗುರ. ಸೋತ ಮೇಲೆ ಬಾಗಿಲು ಕಳೆದುಕೊಂಡವರು ನೆಂಟರ ಮನೆಗೆ ಹೋಗುತ್ತಾರೆ. ಒಂದು ವರ್ಷ ಇಪ್ಪತ್ತಮೂರು ಅಂಕದಿಂದ ಸೋತೆವು. ಆ ವಾರದ ಮದುವೆಯ ಹುಡುಗಿ ಪಕ್ಕದ ಮನೆಯವರ ಸೀರೆ ಉಟ್ಟು ಹಸೆಗೆ ಕೂತಳು, ಅವಳದ್ದು ಮುಚ್ಚಿದ ಮನೆಯ ಬೀರುವಿನಲ್ಲಿತ್ತು.

ಸಾಮಾನ್ಯವಾಗಿ ಎಲ್ಲ ಒಂದು ವಾರದ ಮಾತು, ಹೆಚ್ಚೆಂದರೆ ಎರಡು. ಆದರೆ ಅಂದಿನದು ಋತುವಿನ ಕೊನೆಯ ಪಂದ್ಯ. ಅದಾದ ಮೇಲೆ ಜೂನ್‌ವರೆಗೆ ಆಟವಿಲ್ಲ. ನಡುವೆ ಇದ್ದದ್ದು ಐದು ತಿಂಗಳು.

ನಾನು ತೂಕ ಮತ್ತು ಅಳತೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಯವರ ತಕ್ಕಡಿ, ಲೀಟರ್ ಮಾಪು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ. ಕಾಲೇಜಿನಲ್ಲಿ ಓದಿದ್ದು ಸಂಖ್ಯಾಶಾಸ್ತ್ರ. ಹನ್ನೊಂದು ವರ್ಷದಿಂದ ಪ್ರತಿ ಪಂದ್ಯದ ಹಿಂದಿನ ದಿನ ಒಂದು ಚೀಟಿ ಬರೆದು ಸೋಮಣ್ಣನ ಮಿಲ್ಲಿನ ಗೋಡೆಗೆ ಅಂಟಿಸುತ್ತ ಬಂದಿದ್ದೇನೆ. ಗೆಲ್ಲುತ್ತೇವೋ ಸೋಲುತ್ತೇವೋ, ಎಷ್ಟರಿಂದ, ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಎದುರಾಳಿಯ ಯಾವ ಆಟಗಾರ ಯಾವ ಕಡೆಗೆ ವಾಲುತ್ತಾನೆ, ಇವೆಲ್ಲ ಅದರಲ್ಲಿರುತ್ತವೆ. ತಂಡದ ಕೋಚ್ ನನ್ನ ಸಲಹೆ ಒಂದನ್ನೂ ಕೇಳಿದವನಲ್ಲ. "ಆಯಮ್ಮ ತಕ್ಕಡಿ ನೋಡ್ಕೊಳ್ಲಿ" ಎಂದು ಅವನು ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಆದರೆ ಊರು ಓದುತ್ತಿತ್ತು. ಹನ್ನೊಂದು ವರ್ಷದಲ್ಲಿ ಗೆಲುವು ಸೋಲು ನಾನು ತಪ್ಪಿದ್ದು ಒಂಬತ್ತೇ ಸಲ. ಗೆಲುವು ಎಂದು ಬರೆದಾಗಲೂ ಚೀಟಿಯ ತಳದಲ್ಲಿ ಒಂದು ಸಾಲು ತಪ್ಪದೆ ಇರುತ್ತಿತ್ತು: ಏನೇ ಆದರೂ ಮಂಚ ಹೊರಗಿಡಿ.

ಆ ಒಂದು ಸಲ ಮಾತ್ರ ಅದನ್ನು ಬರೆಯಲಿಲ್ಲ.

ಪಂದ್ಯ ಗುರುವಾರ, ಬೇರೆ ಊರಿನಲ್ಲಿ. ಮಂಗಳವಾರ ಮಧ್ಯಾಹ್ನ ನನ್ನ ಟಿಪ್ಪಣಿ ಪುಸ್ತಕದಲ್ಲಿ ಲೆಕ್ಕ ಹಾಕಿ ಮುಗಿಸಿದ್ದೆ. ಎಷ್ಟು ಸಲ ಕೂಡಿ ಕಳೆದರೂ ಅದೇ ಬರುತ್ತಿತ್ತು. ಅವರು ಮೂವತ್ತೆರಡು, ನಾವು ಮೂವತ್ತೊಂದು. ಕೆಳಗೆ ಹೀಗೆ ಬರೆದುಕೊಂಡಿದ್ದೆ: ಕೊನೆಯ ರೈಡ್ ಬೋರೇಶನ ಪಾಲಿಗೆ ಬಂದರೆ ಬೋನಸ್ ಗೆರೆಗೆ ಕಾಲು ಚಾಚುತ್ತಾನೆ, ಅವರ ಎಡ ಕಾರ್ನರಿನವನು ಹಿಡಿಯುತ್ತಾನೆ. ಬೋನಸ್ ಗೆರೆ ಎಂದರೆ ಎದುರಾಳಿಯ ಅಂಗಳದಲ್ಲಿ ದೂರಕ್ಕಿರುವ ಗೆರೆ, ಯಾರನ್ನೂ ಮುಟ್ಟದೆ ಕಾಲು ದಾಟಿಸಿದರೆ ಒಂದು ಅಂಕ. ದಣಿದ ರೈಡರ್‌ಗೆ ಅದು ಹತ್ತಿರ ಕಾಣುತ್ತದೆ. ಬೋರೇಶ ನಮ್ಮ ನಾಯಕ, ದಣಿದಾಗೆಲ್ಲ ಹೀಗೇ ಮಾಡುತ್ತಾನೆ. ಈ ಮೊದಲು ಮೂರು ಚೀಟಿಯಲ್ಲಿ ಅದನ್ನೇ ಬರೆದಿದ್ದೆ.

ಅಂದು ಸಂಜೆ ಬೋರೇಶನೇ ನನ್ನ ಮನೆಗೆ ಬಂದ. ಬಸ್ಸು ಹತ್ತುವ ಮೊದಲು ಬಂದಿದ್ದ, ಹೆಗಲಲ್ಲಿ ಚೀಲವಿತ್ತು. ಕೂರು ಎಂದರೆ ಕೂರಲಿಲ್ಲ.

"ಮೇಡಂ, ಒಂದು ಮಾತು. ತಪ್ಪು ತಿಳ್ಕೋಬೇಡಿ. ನಿಮ್ಮ ಚೀಟೀನ ಸೋಮಣ್ಣ ಫೋನಲ್ಲಿ ಓದ್ತಾನೆ. ನಾವು ಹದಿನಾಲ್ಕು ಜನ ಸ್ಪೀಕರ್ ಹಾಕ್ಕೊಂಡು ಕೇಳ್ತೀವಿ."

"ಕೋಚ್ ಬೈಯಲ್ವಾ?"

"ಅವರೂ ಕೇಳ್ತಾರೆ. ಕಿಟಕಿ ಕಡೆ ಮುಖ ಮಾಡ್ಕೊಂಡು." ಅವನು ನಕ್ಕ, ತಕ್ಷಣ ನಿಲ್ಲಿಸಿದ. "ನೀವು ಸೋಲು ಅಂತ ಬರೆದ ದಿನ ಕಾಲು ಭಾರ ಆಗುತ್ತೆ ಮೇಡಂ. ಸುಳ್ಳು ಹೇಳ್ತಿಲ್ಲ. ಗೆಲುವು ಅಂತ ಬರೆದಾಗ್ಲೂ ಕೊನೇಲಿ ಅದೊಂದು ಸಾಲು ಹಾಕ್ತೀರಲ್ಲ, ಮಂಚ ಹೊರಗಿಡಿ ಅಂತ. ಅದನ್ನ ಕೇಳಿದ ತಕ್ಷಣ ಹುಡುಗರು ಮುಖ ಮುಖ ನೋಡ್ಕೊತಾರೆ. ಅಯ್ಯೋ, ಆಯಮ್ಮಂಗೇ ನಂಬ್ಕೆ ಇಲ್ಲ ಅಂತ. ಇದು ಕೊನೇ ಪಂದ್ಯ. ಸೋತ್ರೆ ಐದು ತಿಂಗಳು. ಒಂದ್ಸಲ, ಒಂದೇ ಸಲ, ಗೆಲ್ತೀವಿ ಅಂತಷ್ಟೇ ಬರೀರಿ."

ನನ್ನ ಲೆಕ್ಕ ಏನು ಹೇಳಿತ್ತೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಬೋನಸ್ ಗೆರೆಗೆ ಹೋಗಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವನ ಕಾಲಿಗೆ ಇನ್ನೊಂದು ಭಾರ ಕಟ್ಟಿದಂತಾಗುತ್ತದೆ ಎಂದು ನುಂಗಿಕೊಂಡೆ. "ಹೋಗಿ ಬಾ" ಎಂದೆ.

ರಾತ್ರಿಯೆಲ್ಲ ತಕ್ಕಡಿಯ ಹಾಗೆ ಯೋಚಿಸಿದೆ. ವ್ಯತ್ಯಾಸ ಒಂದೇ ಒಂದು ಅಂಕದ್ದು. ಹದಿನಾಲ್ಕು ಜೊತೆ ಕಾಲು ಸ್ವಲ್ಪ ಹಗುರಾದರೆ ಒಂದು ಅಂಕ ಬಂದೇ ಬರುತ್ತದೆ. ಬಂದರೆ ಯಾರ ಮನೆಯೂ ಮುಚ್ಚುವುದಿಲ್ಲ. ಬರದಿದ್ದರೂ ಒಂದೇ ಮನೆ. ಊರಿನ ಸಾವಿರದ ಇನ್ನೂರು ಮನೆಗಳಲ್ಲಿ ಒಂದು, ಅದರಲ್ಲೂ ಒಳಗೆ ಯಾರಾದರೂ ಉಳಿದ ಮನೆಯೇ ಆಗುವ ಸಂಭವ ಎಷ್ಟು? ಆ ಸಂಖ್ಯೆಯನ್ನೂ ಬರೆದು ನೋಡಿದೆ. ಬಹಳ ಚಿಕ್ಕದಿತ್ತು. ಬುಧವಾರ ಬೆಳಿಗ್ಗೆ ಚೀಟಿ ಅಂಟಿಸಿದೆ. ಎರಡು ಅಂಕದಿಂದ ಗೆಲ್ಲುತ್ತೇವೆ. ತಳದಲ್ಲಿ ಏನೂ ಇರಲಿಲ್ಲ.

"ಏನ್ ಅಕ್ಕ, ಮಂಚದ ಸಾಲು ಮರೆತ್ರಾ?" ಎಂದು ಸೋಮಣ್ಣ ಕೇಳಿದ.

"ಜಾಗ ಸಾಲಲಿಲ್ಲ" ಎಂದೆ.

"ಬೇಡ ಬಿಡಿ. ಈ ಚಳೀಲಿ ನಮ್ಮಪ್ಪನ್ನ ಹೊತ್ತು ಹೊತ್ತು ನನ್ನ ಸೊಂಟ ಹೋಗಿದೆ" ಎಂದು ಅವನು ನಕ್ಕ.

ಸಂಜೆ ಮನೆಗೆ ತಿರುಗುವಾಗ ಎದುರು ಮನೆಯ ಕಿಟಕಿಯಿಂದ ನಳಿನಿ ಕರೆದಳು. ತಲೆಗೆ ಬಟ್ಟೆ ಬಿಗಿದು ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ಹೆರಿಗೆಗೆಂದು ತವರಿಗೆ ಬಂದವಳು, ಗಂಡನ ಊರು ಬೇರೆ. ಪಿಯುಸಿವರೆಗೆ ಓದಿದ್ದಳು, ಮದುವೆಗೆ ಮುಂಚೆ ನನ್ನ ಚೀಟಿಯನ್ನು ಅಂಟಿಸುವ ಮೊದಲೇ ಬಂದು ಓದುವವಳು.

"ಸುಲೋಚನಕ್ಕ, ಗೆಲ್ತೀವಿ ಅಂತ ಬರೆದಿದೀರಂತೆ, ಮಂಚದ ಸಾಲೂ ಇಲ್ವಂತೆ. ನಾಳೆ ಮಂಚ ಹೊರಗೆ ತರೋದಾ? ಅಮ್ಮ ಬೇಡ ಅಂತಾಳೆ. ಹಸಿ ಮೈ, ಗಾಳಿ ತಗುಲುತ್ತೆ ಅಂತ. ನೀವೇನಂತೀರ?"

ಬಾಯಲ್ಲಿ ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಚೀಟಿಯಲ್ಲಿ ಬರೆದಿದ್ದೀನಲ್ಲ" ಎಂದೆ.

"ಹಾಗಾದ್ರೆ ಬಿಡಿ" ಎಂದಳು. ಕಿಟಕಿ ಹಾಕಿಕೊಂಡಳು.

ಮುಂದಿನದು ಎಲ್ಲರಿಗೂ ಗೊತ್ತು. ಕೊನೆಯ ಇಪ್ಪತ್ತು ಸೆಕೆಂಡು ಇದ್ದಾಗ ಮೂವತ್ತೊಂದು, ಮೂವತ್ತೊಂದು. ಬೋರೇಶ ರೈಡಿಗೆ ಹೋದ. ಬೋನಸ್ ಗೆರೆಗೆ ಕಾಲು ಚಾಚಿದ. ಎಡ ಕಾರ್ನರಿನವನು ಅವನ ಪಾದ ಹಿಡಿದ. ರೇಡಿಯೊದವನು ಎಡ ಕಾರ್ನರ್ ಎನ್ನುವ ಮೊದಲೇ ನನ್ನ ತುಟಿ ಅದನ್ನು ಹೇಳಿತ್ತು.

ಮರುದಿನ ಮಧ್ಯಾಹ್ನ ನಳಿನಿಯ ಗಂಡ ದಿವಾಕರ ಬಂದ. ಬಾಗಿಲು ಬರೀ ಬಾಗಿಲಾಗಿರುವ ಊರಿನವನು. ಯಾರದೋ ಮನೆಯಿಂದ ಹಾರೆ ತಂದಿದ್ದ.

"ಇದೇನು ಮರ ತಾನೆ? ಮರ ಒಡೆಯುತ್ತೆ. ಸರೀರಿ ಪಕ್ಕಕ್ಕೆ."

ಯಾರೂ ತಡೆಯಲಿಲ್ಲ. ಸೋಮಣ್ಣ ಮಾತ್ರ ಮೈಯ ಹಿಟ್ಟು ಕೊಡವುತ್ತ ಮುಂದೆ ಬಂದ. "ಒಡೀರಿ ಅಳಿಯಂದ್ರೇ, ಯಾರು ಬೇಡ ಅಂದ್ರು? ಒಡೆಯುತ್ತೆ. ನಮ್ಮಣ್ಣನ ಮನೆ ಬಾಗ್ಲೂ ಒಡೀತು. ಎರಡೇ ಏಟು."

"ಮತ್ತೆ?"

"ಒಳಗೆ ಹೋದ್ವಿ. ತಟ್ಟೆ ಹಾಕಿತ್ತು, ಅನ್ನದಿಂದ ಹಬೆ ಬರ್ತಿತ್ತು. ಅತ್ತಿಗೆ ಇರ್ಲಿಲ್ಲ." ಸೋಮಣ್ಣ ಕೈಯ ಹಿಟ್ಟನ್ನು ನೋಡಿಕೊಂಡ. "ಇಪ್ಪತ್ತಾರು ವರ್ಷ ಆಯ್ತು. ಕಿಟಕಿ ಸರಳು ಕೊಯ್ದ ಮನೇಲೂ ಇದೇ ಕಥೆ. ಮನೆ ಸಿಗುತ್ತೆ, ಒಳಗಿದ್ದೋರು ಸಿಗಲ್ಲ."

ದಿವಾಕರ ಹಾರೆ ಹಿಡಿದೇ ನಿಂತಿದ್ದ. ಒಳಗಿನಿಂದ ನಳಿನಿಯ ದನಿ ಬಂತು. "ರೀ, ಅದನ್ನ ಕೆಳಗಿಡಿ. ಪಾಪು ಈಗ ಮಲಗಿದೆ. ಸದ್ದು ಮಾಡ್ಬೇಡಿ."

ಅವನು ಹಾರೆಯನ್ನು ನೆಲಕ್ಕೆ ಇಟ್ಟ. ಮಗುವನ್ನು ನೋಡುತ್ತೇನೆ ಎಂದ. ಅವಳು ಕಿಟಕಿಯ ಹತ್ತಿರ ತಂದು ತೋರಿಸಿದಳು. ಸರಳುಗಳ ನಡುವೆ ನಾಲ್ಕು ಬೆರಳಿನ ಜಾಗ. ಅವನು ಬೆರಳು ತೂರಿಸಿ ಮಗುವಿನ ತಲೆಯ ಮೇಲಿಟ್ಟು, ಅದೇ ಬೆರಳುಗಳನ್ನು ಅಗಲಿಸಿ ಸರಳಿನ ಜಾಗ ಅಳೆದು, ಮತ್ತೆ ತಲೆಯನ್ನು ಅಳೆದ. ನಾನು ನನ್ನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅವನು ಹಾಗೆ ಐದಾರು ಸಲ ಅಳೆದ.

ಅವನು ಭಾನುವಾರಗಳಲ್ಲಿ ಬರತೊಡಗಿದ. ಹಾರೆಯನ್ನು ಹಿಂತಿರುಗಿಸಲಿಲ್ಲ. ಅದು ತಾಯಮ್ಮ ಮಲಗುತ್ತಿದ್ದ ಜಗಲಿಯ ಮೂಲೆಯಲ್ಲೇ ಒರಗಿತ್ತು.

ತಾಯಮ್ಮ ಬೆಳಿಗ್ಗೆ ಕಿಟಕಿಯ ಕೆಳಗೆ ಕಾಲು ಚಾಚಿ ಕೂರುತ್ತಿದ್ದರು. ಸುತ್ತಿದ ಟವೆಲ್ಲೊಂದನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, "ಹೀಗೆ ಬೆನ್ನಿಗೆ ಎಣ್ಣೆ ತಿಕ್ಕು, ಹೀಗೆ ಕತ್ತಿನ ಹತ್ರ ಕೈ ಕೊಡು, ನೀರು ನೆತ್ತೀಗೆ ಒಂದೇ ಸಲ ಸುರೀಬೇಡ" ಎಂದು ತೋರಿಸುತ್ತಿದ್ದರು. ಒಳಗೆ ನಳಿನಿ ಹಾಗೆಯೇ ಮಾಡುತ್ತಿದ್ದಳು. ಒಮ್ಮೆ ಮಗು ಒಳಗೆ ಚೀರಿದಾಗ ತಾಯಮ್ಮ ಕಾಲ ಮೇಲಿನ ಟವೆಲ್ಲನ್ನು ತಟ್ಟಿ ಸಮಾಧಾನ ಮಾಡಿದ್ದನ್ನು ಕಂಡೆ. ಹೆಸರಿಡುವುದು ಬಾಗಿಲು ತೆರೆದ ಮೇಲೆ ಎಂದು ಆಗಿತ್ತು. ಮಿಲ್ಲಿನ ಕ್ಯಾಲೆಂಡರಿನಲ್ಲಿ ಜೂನ್ ಹನ್ನೆರಡಕ್ಕೆ, ಮೊದಲ ಪಂದ್ಯದ ದಿನಕ್ಕೆ, ತಾಯಮ್ಮ ಅರಿಶಿನದ ಬೊಟ್ಟು ಇಟ್ಟಿದ್ದರು.

ಬೋರೇಶ ಊರಿಗೆ ಬಂದದ್ದು ನಾಲ್ಕನೆಯ ದಿನ, ಪಾದಕ್ಕೆ ಪಟ್ಟಿ ಸುತ್ತಿಕೊಂಡು. ನೇರ ಆ ಕಿಟಕಿಯ ಮುಂದೆ ಹೋಗಿ ತಲೆ ತಗ್ಗಿಸಿ ನಿಂತ. ನಳಿನಿಯೇ, "ಕಾಲು ಸರಿ ಮಾಡ್ಕೊಳ್ಳಿ ಅಣ್ಣ. ಜೂನ್ ಬರ್ತಾ ಇದೆ" ಎಂದಳು. ಆಮೇಲೆ ಅವನು ನನ್ನ ಬಾಗಿಲಿಗೆ ಬಂದ.

"ಮೇಡಂ, ನಿಮ್ಮ ಲೆಕ್ಕ ಸರೀನೇ ಇತ್ತು. ಗೆಲ್ಲೋ ಪಂದ್ಯ. ನಾನು ಕಾಲು ಚಾಚಿ ಹಾಳು ಮಾಡ್ದೆ. ಜನ ನಿಮ್ಮನ್ನ ಏನೂ ಅನ್ನಬಾರ್ದು ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಬಂದಿದೀನಿ."

ನನ್ನ ಟಿಪ್ಪಣಿ ಪುಸ್ತಕ ಅವನ ಕೈಗೆಟಕುವಷ್ಟು ಹತ್ತಿರದಲ್ಲಿ, ಮೇಜಿನ ಮೇಲಿತ್ತು. ನಾನು ಬಾಯಿ ತೆರೆದೆ. "ಕಾಲಿಗೆ ಬಿಸಿನೀರಿನ ಶಾಖ ಕೊಡು" ಎಂದೆ.

ಮೂರನೆಯ ವಾರ ಆ ಮನೆಯ ಗ್ಯಾಸ್ ಮುಗಿಯಿತು. ಸಿಲಿಂಡರ್ ಸರಳಿನ ನಡುವೆ ತೂರುವುದಿಲ್ಲ. ಊಟವನ್ನು ಬೀದಿಯವರು ಸರದಿಯಲ್ಲಿ ಕೊಡುತ್ತಿದ್ದರು, ತಟ್ಟೆಯನ್ನು ಓರೆ ಮಾಡಿದರೆ ಚೆಲ್ಲುತ್ತದೆಂದು ಬಾಳೆ ಎಲೆಯಲ್ಲಿ ಪೊಟ್ಟಣ ಕಟ್ಟಿ. ಬಾಣಂತಿಯ ನೀರಿಗೆ ಮಾತ್ರ ಬಚ್ಚಲ ಒಲೆಯನ್ನೇ ಹಚ್ಚಬೇಕಿತ್ತು. ಸೌದೆಯನ್ನು ಸೀಳಿ ಕಿಟಕಿಯಿಂದ ಕೊಟ್ಟರು. ಹೊತ್ತಿಸಲು ಕಾಗದ ಬೇಕೆಂದು ತಾಯಮ್ಮ ಮನೆಮನೆಗೆ ಕೇಳಿಕೊಂಡು ಬಂದರು. ನನ್ನಲ್ಲಿ ಹನ್ನೊಂದು ವರ್ಷದ ಟಿಪ್ಪಣಿ ಪುಸ್ತಕಗಳಿದ್ದವು. ಹಾಳೆ ಬಿಡಿಸಿ ಕಟ್ಟು ಕಟ್ಟಿದೆ. ಆ ಮಂಗಳವಾರದ ಹಾಳೆ ಅದರಲ್ಲಿ ತಪ್ಪಿ ಸೇರಿತು ಎಂದು ಬರೆದರೆ ಇಲ್ಲಿಯೂ ಸುಳ್ಳಾಗುತ್ತದೆ. ಅದನ್ನು ಕಟ್ಟಿನ ನಡುವೆ ನಾನೇ ಇಟ್ಟೆ. ಓದದೆ ಸುಟ್ಟರೆ ಹೋಯಿತು. ಓದಿದರೆ ನಾನು ಬಾಯಿ ಬಿಟ್ಟು ಹೇಳುವುದು ತಪ್ಪುತ್ತದೆ. ಕಟ್ಟನ್ನು ಕಿಟಕಿಯಿಂದ ಒಳಕ್ಕೆ ತಳ್ಳುವಾಗ ನಳಿನಿ ಕೈ ನೀಡಿ ತೆಗೆದುಕೊಂಡು, "ಅಯ್ಯೋ, ಇದೆಲ್ಲಾ ಸುಡೋದಾ ಅಕ್ಕ?" ಎಂದಳು.

ಆಮೇಲೆ ಬೆಳಿಗ್ಗೆ ಆ ಮನೆಯ ಹೊಗೆಗೂಡು ನೋಡುವುದೇ ನನ್ನ ಕೆಲಸವಾಯಿತು. ಒಂದು ದಿನ, ಎರಡು ದಿನ. ನಳಿನಿ ನನ್ನ ಕಡೆ ನೋಡಿದಾಗೆಲ್ಲ ಅವಳ ಮುಖದಲ್ಲಿ ಏನಾದರೂ ಬದಲಾಗಿದೆಯೇ ಎಂದು ಹುಡುಕುತ್ತಿದ್ದೆ. ಕಚೇರಿಯಲ್ಲಿ ಒಂದು ಕಿಲೊ ತೂಕದ ಬಟ್ಟಿನ ಮೇಲೆ ಅರ್ಧ ಕಿಲೊ ಮುದ್ರೆ ಒತ್ತಿದೆ. ನಾಲ್ಕನೆಯ ದಿನ ಮಧ್ಯಾಹ್ನ, ತಾಯಮ್ಮ ಸೊಪ್ಪು ತರಲು ಹೋಗಿದ್ದಾಗ, ಅವಳು ಕರೆದಳು.

"ಸುಲೋಚನಕ್ಕ, ಸ್ವಲ್ಪ ಬನ್ನಿ."

ಹೋದೆ. ಮಗು ಅವಳ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

"ಸುಡೋ ಮುಂಚೆ ಒಂದೊಂದೂ ಓದ್ದೆ. ಬೇರೆ ಏನ್ ಕೆಲಸ ಇದೆ ನಂಗೆ?" ಎಂದಳು. ದನಿ ಏರಿರಲಿಲ್ಲ. "ಮೂವತ್ತೆರಡು, ಮೂವತ್ತೊಂದು. ಎಡ ಕಾರ್ನರ್ ಹಿಡೀತಾನೆ ಅಂತಾನೂ ಬರ್ದಿದೀರ. ಮೇಲೆ ಮಂಗಳವಾರ ಮಧ್ಯಾಹ್ನ ಅಂತ ಇದೆ."

"ಹೌದು."

"ಬುಧವಾರ ನಾನು ಇದೇ ಕಿಟಕೀಲಿ ಕೇಳ್ದೆ. ಮಂಚ ತರೋದಾ ಅಂತ."

"ಕೇಳಿದ್ದೆ ನೀನು."

"ಏನಂದ್ರಿ?"

"ಚೀಟಿಯಲ್ಲಿ ಬರೆದಿದ್ದೀನಲ್ಲ ಅಂದೆ."

ನಾನು ಬೋರೇಶ ಬಂದದ್ದು, ಕಾಲು ಭಾರವಾಗುವ ಮಾತು, ಒಂದು ಅಂಕದ ಆಸೆ, ಎಲ್ಲ ಹೇಳಿದೆ. ಅವಳು ಮಗುವಿನ ಬೆನ್ನು ತಟ್ಟುತ್ತ ಕೇಳಿದಳು. ಮುಗಿದ ಮೇಲೆ, "ಜೂನ್‌ದು ಲೆಕ್ಕ ಹಾಕಿದೀರಾ?" ಎಂದಳು.

"ಹಾಕಿದ್ದೀನಿ."

"ಹೇಳಿ. ಗೋಡೆಗೆ ಅಂಟಿಸೋದು ಬೇಡ, ಪುಸ್ತಕದಲ್ಲಿರೋದು ಹೇಳಿ."

"ಮೊದಲ ಮೂರು ಸೋಲು. ಮೂರೂ ಹೊರಗಿನ ಪಂದ್ಯ, ಬೋರೇಶನ ಕಾಲು ಅಷ್ಟರಲ್ಲಿ ಕೂಡಿರುವುದಿಲ್ಲ. ನಾಲ್ಕನೆಯದು ನಮ್ಮೂರಲ್ಲಿ. ಜುಲೈ ಹತ್ತಕ್ಕೆ. ಅದು ಗೆಲ್ಲಬಹುದು."

"ಬಹುದು ಅಂದ್ರೆ ಎಷ್ಟು?"

"ನೂರಕ್ಕೆ ಐವತ್ತೈದು."

ಅವಳು ಮಗುವಿನ ಕಾಲನ್ನು ಹಿಡಿದು ನೋಡಿದಳು. "ಅಷ್ಟೊತ್ತಿಗೆ ಕೂತ್ಕೊಳ್ತಾಳೆ" ಎಂದಳು.

"ಎಲ್ಲರಿಗೂ ಹೇಳಿಬಿಡ್ತೀನಿ ನಳಿನಿ. ಮಿಲ್ಲಿನ ಗೋಡೆಗೇ ಬರೆದು ಅಂಟಿಸ್ತೀನಿ."

"ಹೇಳಿ ನೀವು ಹಗುರ ಆಗ್ತೀರ" ಎಂದಳು. "ನಮ್ಮನೆಯವರಿಗೆ ಜುಲೈ ಅಂತ ಗೊತ್ತಾದ್ರೆ ಅಲ್ಲಿ ಮೂಲೇಲಿರೋ ಹಾರೆ ತಗೋತಾರೆ. ಆಗ ಈ ಮನೆ ಸಿಗುತ್ತೆ, ನಾನೂ ಪಾಪೂ ಸಿಗಲ್ಲ. ಊರಿಗೆ ಗೊತ್ತಾದ್ರೆ ನಿಮ್ಮ ಚೀಟಿ ಇನ್ಯಾರೂ ಓದಲ್ಲ. ಆಮೇಲೆ ಯಾರ ಮಾತು ಕೇಳಿ ಮಂಚ ಹೊರಗಿಡ್ತಾರೆ? ಅಮ್ಮಂಗಂತೂ ಮೊದಲ್ನೇ ಪಂದ್ಯ ಅಂತಾನೇ ಇರ್ಲಿ. ನಾನು ಯಾರಿಗೂ ಹೇಳಲ್ಲ. ನೀವೂ ಹೇಳ್ಬೇಡಿ."

ಸೆರಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಸರಳಿನ ನಡುವೆ ನೀಡಿದಳು. "ಇದೊಂದು ಸುಡ್ಲಿಲ್ಲ. ನೀವೇ ಇಟ್ಕೊಳ್ಳಿ."

ಹಾಳೆಯನ್ನು ರವಿಕೆಯೊಳಗೆ ಸೇರಿಸುವಷ್ಟರಲ್ಲಿ ತಾಯಮ್ಮ ಎರಡು ಕಟ್ಟು ಸಬ್ಬಸಿಗೆ ಸೊಪ್ಪು ಹಿಡಿದು ಬಂದರು. "ಏನ್ರೇ ಅದು, ನಾನಿಲ್ದಾಗ ಇಬ್ಬರದೂ ಮಾತು?"

"ಏನಿಲ್ಲಮ್ಮ. ಮೊದಲ್ನೇ ಪಂದ್ಯದ್ದು ಕೇಳ್ತಿದ್ದೆ."

ತಾಯಮ್ಮ ನನ್ನ ಕಡೆ ತಿರುಗಿದರು. ಬಿಸಿಲಿಗೆ ಬೆವೆತ ಮುಖದಲ್ಲಿ ಕಣ್ಣುಗಳು ದೊಡ್ಡವಾಗಿದ್ದವು. "ಏನಂತೆ ಸುಲೋಚನಾ? ಗೆಲ್ತೀವಾ?"

ಸರಳಿನ ಆಚೆಯಿಂದ ನಳಿನಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಚೀಟಿಯಲ್ಲಿ ಬರೀತೀನಿ ತಾಯಮ್ಮ" ಎಂದೆ.

"ಹಾಗಾದ್ರೆ ಬಿಡು" ಎಂದು ಅವರು ಜಗಲಿಯ ಮೇಲೆ ಕೂತು ಒಂದು ಕಟ್ಟು ಬಿಚ್ಚಿದರು. ಇನ್ನೊಂದನ್ನು ನಾನು ತೆಗೆದುಕೊಂಡೆ. ಹಾರೆ ನಮ್ಮಿಬ್ಬರ ನಡುವೆ ಒರಗಿತ್ತು. ಸೊಪ್ಪು ಬಿಡಿಸಿ ಹಿಡಿ ಹಿಡಿಯಾಗಿ ಸರಳಿನೊಳಗೆ ಕೊಡುತ್ತ ಹೋದೆ. ಕೊನೆಯ ಹಿಡಿ ಕೊಡುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು. ಬೋರೇಶನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.